ಅಡುಗೆಮನೆ ಪ್ರಶ್ನೋತ್ತರ: ಗೌಜಲಕ್ಕಿ ಮೊಟ್ಟೆಯ ಸಿಪ್ಪೆ ಏಕೆ ಬಿಡುವುದಿಲ್ಲ?

ಪ್ರಶ್ನೆ: ಎರಡು ಡಜನ್ ಗೌಜಲಕ್ಕಿ ಮೊಟ್ಟೆ ತಂದು, ಕೋಳಿಮೊಟ್ಟೆಯಂತೆಯೇ ತಣ್ಣೀರಿನಲ್ಲಿಟ್ಟು ಹತ್ತು ನಿಮಿಷ ಬೇಯಿಸಿದೆ. ಸಿಪ್ಪೆಯ ಜೊತೆ ಬಿಳಿಭಾಗವೂ ಕಿತ್ತು ಬಂತು. ಹಳದಿಯ ಸುತ್ತ ಹಸಿರುಗಪ್ಪು ಬಳೆ ಕಟ್ಟಿತ್ತು. ಸಾರಿಗೆ ಹಾಕಿದರೆ ಮಕ್ಕಳು ರಬ್ಬರ್ ಎಂದರು. ಉಬ್ಬಸಕ್ಕೆ ಇದನ್ನು ಹಸಿಯಾಗಿಯೇ ಕುಡಿಯಬೇಕೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮೊದಲು ಅತ್ತೆಯವರ ಮಾತು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ, ಕೋಳಿಯದಾಗಲಿ ಗೌಜಲಕ್ಕಿಯದಾಗಲಿ, ಬೇಯಿಸದೆ ಕುಡಿಯುವುದು ಬೇಡ. ಉಬ್ಬಸಕ್ಕೆ ವೈದ್ಯರು ಬರೆದುಕೊಟ್ಟ ಔಷಧಿಯನ್ನೂ ಇದರ ನೆಚ್ಚಿಕೆಯಲ್ಲಿ ಬಿಡಬಾರದು.

ಇನ್ನು ಅಡುಗೆ. ತಪ್ಪಿದ್ದು ಹೊತ್ತಿನ ಲೆಕ್ಕದಲ್ಲಿ. ಈ ಮೊಟ್ಟೆ 10 ಗ್ರಾಂ ಆಸುಪಾಸು ತೂಗುತ್ತದೆ. ಐದು ಸೇರಿದರೆ ಒಂದು ಕೋಳಿಮೊಟ್ಟೆಗೆ ಸಮ. ನೀರು ಚೆನ್ನಾಗಿ ಕುದಿ ಬಂದ ಮೇಲೆ ತೂತು ಸೌಟಿನಲ್ಲಿ ಮೆಲ್ಲಗೆ ಇಳಿಬಿಟ್ಟರೆ ನಾಲ್ಕು ನಿಮಿಷಕ್ಕೆ ಗಟ್ಟಿಯಾಗಿ ಬೇಯುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದ್ದು, ಅಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ನೀವು ಇನ್ನರ್ಧ ನಿಮಿಷ ಕೊಡಬಹುದು. ಅದಕ್ಕೆ ಮೀರಿದರೆ ಬಿಳಿಭಾಗ ಬಿಗಿಯುತ್ತದೆ, ಅದರೊಳಗಿನ ಗಂಧಕ ಹಳದಿಯ ಕಬ್ಬಿಣದೊಡನೆ ಸೇರಿ ನೀವು ಕಂಡ ಬಳೆ ಮೂಡುತ್ತದೆ. ಆ ಬಳೆಯಿಂದ ಅಪಾಯವಿಲ್ಲ, ನೋಟಕ್ಕಷ್ಟೇ ಕೇಡು.

ಬೆಂದ ಕೂಡಲೇ ತಣ್ಣೀರಿಗೆ ಹಾಕಿ. ಇದರ ಸಿಪ್ಪೆ ಬಲು ತೆಳು, ಒಳಪೊರೆ ಮಾತ್ರ ಜಿಗುಟು. ಅಗಲವಾದ ತುದಿಯನ್ನು ತಟ್ಟಿ, ಮೊಟ್ಟೆಯನ್ನು ಅಂಗೈಯಡಿ ಹಗುರವಾಗಿ ಉರುಳಿಸಿ, ಸಿಪ್ಪೆಯೆಲ್ಲ ನವಿರಾಗಿ ಬಿರಿದ ಮೇಲೆ ಆ ತುದಿಯ ಪೊರೆಯನ್ನು ಉಗುರಿನಲ್ಲಿ ಹಿಡಿದೆಳೆದರೆ, ಚೂರುಗಳೆಲ್ಲ ಪೊರೆಗೇ ಅಂಟಿಕೊಂಡು ಸುರುಳಿಯಾಗಿ ಬಿಚ್ಚಿಕೊಳ್ಳುತ್ತವೆ. ಅಂದಿನದೇ ಮೊಟ್ಟೆಯಾದರೆ ಈ ಉಪಾಯವೂ ಅಷ್ಟಾಗಿ ನಡೆಯದು. ನಾಲ್ಕೈದು ದಿನ ಫ್ರಿಜ್ಜಿನಲ್ಲಿದ್ದ ಮೊಟ್ಟೆಯೇ ಇದಕ್ಕೆ ಮೇಲು.

ಸಾರಿನಲ್ಲಿ ಇವನ್ನು ಕುದಿಸಬೇಡಿ. ಕಾಯಿ, ಕೊತ್ತಂಬರಿಬೀಜ, ಕರಿಮೆಣಸು ಅರೆದು ಹಾಕಿದ ಸಾರನ್ನು ಇಳಿಸಿದ ಮೇಲೆ, ಸುಲಿದ ಮೊಟ್ಟೆಗಳಿಗೆ ಚಾಕುವಿನಿಂದ ಒಂದೊಂದು ಗೀರು ಹಾಕಿ ಬಿಟ್ಟು ಹತ್ತು ನಿಮಿಷ ಮುಚ್ಚಿಡಿ. ಅಕ್ಕಿರೊಟ್ಟಿಗೂ ಕಡುಬಿಗೂ ಹೊಂದುತ್ತದೆ.

ಆದರೆ ಮಕ್ಕಳಿಗೆಂದು ಮಾಡುವುದಾದರೆ, ನಾನು ಸುಲಿಯುವ ಗೋಜಿಗೇ ಹೋಗದೆ ಪಡ್ಡಿನ ಕಾವಲಿ ತೆಗೆಯುತ್ತೇನೆ. ಪ್ರತಿ ಗುಳಿಗೂ ನಾಲ್ಕು ಹನಿ ತುಪ್ಪ ಬಿಟ್ಟು, ಮೊಟ್ಟೆಯ ತುದಿಯನ್ನು ಹಲ್ಲುಚಾಕುವಿನಿಂದ ಕೊಯ್ದು (ಕಲ್ಲಿಗೆ ಕುಟ್ಟಿದರೆ ಚೂರು ಒಳಗೆ ಸೇರುತ್ತದೆ) ಒಂದೊಂದನ್ನು ಸುರಿದು, ಮೇಲೆ ಉಪ್ಪು, ಮೆಣಸಿನಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಉದುರಿಸಿ ಮುಚ್ಚಿ. ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷಕ್ಕೆ ಅಂಚು ಕೆಂಪಗಾಗಿ ತಾನೇ ಬಿಡುತ್ತದೆ. ಹಳದಿಯೂ ಗಟ್ಟಿಯಾದ ಮೇಲೆ ತೆಗೆಯಿರಿ.