ಯೂನಿವರ್ಸಿಟಿ ಹೆಸರಿಗಿಂತ ಲ್ಯಾಬ್ ನೋಡಿ

ದೊಡ್ಡ ಹೆಸರಿನ ಯೂನಿವರ್ಸಿಟಿಯಲ್ಲಿ ಸೈಕಾಲಜಿ ಪಿಎಚ್‌ಡಿ ಮಾಡಿದರೆ ಸಂಶೋಧನೆಯೂ ಗಟ್ಟಿ ಇರುತ್ತದೆ ಅಲ್ವಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ‘ಪವರ್ ಪೋಸ್’ ನೆನಪಿದೆಯಾ, ಎದೆ ಸೆಟೆಸಿ, ಕೈಕಾಲು ಚಾಚಿ ಎರಡು ನಿಮಿಷ ಇದ್ದರೆ ಹಾರ್ಮೋನೇ ಬದಲಾಗುತ್ತದೆ ಅಂದಿದ್ದು? 2010ರ ಆ ಪ್ರಬಂಧ ಬಂದಿದ್ದು ಕೊಲಂಬಿಯಾ ಮತ್ತು ಹಾರ್ವರ್ಡ್‌ನಿಂದ. ಪ್ರಯೋಗದಲ್ಲಿ ಇದ್ದವರು ಬರೀ 42 ಜನ! ಆಮೇಲೆ ಬೇರೆಯವರು 200 ಜನರ ಮೇಲೆ ಮಾಡಿ ನೋಡಿದಾಗ ಹಾರ್ಮೋನ್ ಅಲ್ಲಾಡಲೇ ಇಲ್ಲ. 2016ರಲ್ಲಿ ಆ 2010ರ ಪ್ರಬಂಧದ ಮೊದಲ ಲೇಖಕಿ ಡಾನಾ ಕಾರ್ನಿಯೇ ಈ ಪರಿಣಾಮ ನಿಜ ಅಂತ ನಂಬುವುದಿಲ್ಲ ಎಂದುಬಿಟ್ಟರು (ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು).

ಕೆಲಸ ಹುಡುಕುವಾಗ ಹೆಸರು ಉಪಯೋಗಕ್ಕೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಸೇರುವ ಮೊದಲು ನಿಮ್ಮ ಗೈಡ್ ಆಗುವವರ ಇತ್ತೀಚಿನ ನಾಲ್ಕೈದು ಪ್ರಬಂಧ ತೆಗೆದು, ಎಷ್ಟು ಜನರ ಮೇಲೆ ಪ್ರಯೋಗ ಮಾಡಿದ್ದಾರೆ, ಡೇಟಾ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರಾ ನೋಡಿ. ಅಲ್ಲಿನ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ನೆಗೆಟಿವ್ ರಿಸಲ್ಟ್ ಬಂದರೆ, ಅಂದರೆ ಅಂದುಕೊಂಡ ಪರಿಣಾಮ ಕಾಣದೇ ಹೋದರೆ, ಗೈಡ್ ಏನು ಮಾಡುತ್ತಾರೆ ಅಂತ ಸುಮ್ನೆ ಕೇಳಿ.