ರೆಂಬ್ರಾಂಟ್ ಕಾಪಿ ಮಾಡೋರಿಗೆ: ಪೇಂಟಿಂಗ್ ಬಿಡಿ, ಆನೆ ಹಿಡೀರಿ

ಮೇಡಂ, ನೀವು ಹಾಕಿರೋ, 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಪೋರ್ಟ್ರೇಟ್ ಕಾಪಿ ನೋಡ್ದೆ. ಗ್ರಿಡ್ (ಅಳತೆಗೆ ಚೌಕಳಿ ಗೆರೆ) ಹಾಕಿದ್ರೂ ಮುಖ ಹೋಲ್ತಿಲ್ಲ, ಹಿಂಗೆ ಕಾಪಿ ಹೊಡೆದ್ರೆ ಏನಾದ್ರೂ ಕಲಿಯೋಕಾಗುತ್ತಾ ಅಂತ ಕೇಳಿದೀರ. ಆಗುತ್ತೆ ರೀ. ಆದ್ರೆ ಎಣ್ಣೆಬಣ್ಣದ ಚಿತ್ರಾನ ಪೆನ್ಸಿಲ್ಲಲ್ಲಿ ಇಳಿಸೋಕೆ ಹೋದ್ರೆ ಹತ್ತಿಯಲ್ಲಿ ಶೇಡಿಂಗ್ ಉಜ್ಜೋದ್ರಲ್ಲೇ ಟೈಮೆಲ್ಲ ಹೋಗುತ್ತೆ, ಗೆರೆ ಬಗ್ಗೆ ಏನೂ ಗೊತ್ತಾಗಲ್ಲ. ಅವನ ಡ್ರಾಯಿಂಗೇ ತಗೊಳ್ಳಿ.

1637ರಲ್ಲಿ ಕಪ್ಪು ಚಾಕ್‌ನಲ್ಲಿ ಬಿಡಿಸಿದ ಆನೆ ಇದೆ, ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಂನಲ್ಲಿ, ನೆಟ್ಟಲ್ಲಿ ಸಿಗುತ್ತೆ. ಸೊಂಡಿಲು ಝೂಮ್ ಮಾಡಿ ನೋಡಿ, ಸುಕ್ಕಿನ ಗೆರೆಗಳೆಲ್ಲ ಕೈಗೆ ಬಳೆ ಹಾಕ್ದಂಗೆ ಅಡ್ಡಡ್ಡ ಬಾಗಿವೆ, ಅದಕ್ಕೇ ಅದು ದುಂಡಗೆ ಕಾಣೋದು, ಉಜ್ಜಿದ್ದಕ್ಕಲ್ಲ. ಔಟ್‌ಲೈನೂ ಎಲ್ಲಾ ಕಡೆ ಒಂದೇ ದಪ್ಪ ಇಲ್ಲ.

ಪ್ರಿಂಟ್ ತೆಗೆಸಿ, ಪಕ್ಕದಲ್ಲೇ ಶೀಟ್ ಇಟ್ಕೊಂಡು ಅಷ್ಟೇ ಸೈಜಲ್ಲಿ ಬಿಡಿಸಿ. ಚಾರ್ಕೋಲ್ ಪೆನ್ಸಿಲ್ ಸಾಕು, 6ಬಿ ಸೀಸದ ಪೆನ್ಸಿಲ್ ಹೊಳೆಯುತ್ತೆ, ಈ ಚಿತ್ರಕ್ಕೆ ಬೇಡ. ಮೊದಲು ನೇರ ಗೆರೆಗಳಲ್ಲಿ ತೆಳ್ಳಗೆ ಒಟ್ಟು ಆಕಾರ, ಎತ್ತರ ಅಗಲ ಸರಿಯಾಗೋವರೆಗೂ ಒಂದು ಸುಕ್ಕೂ ಮುಟ್ಟಬೇಡಿ. ಫ್ರೆಂಚ್ ಕಲಾವಿದ ಬಾರ್ಗ್ ನೋಡಿ ತಿದ್ದೋಕಂತ ಮಾಡಿದ ಹಾಳೆಗಳ ಡ್ರಾಯಿಂಗ್ ಕೋರ್ಸ್‌ನಲ್ಲೂ ಇದೇ ದಾರಿ, ವ್ಯಾನ್ ಗೋ 1880ರಲ್ಲಿ ಕಲಾವಿದನಾಗ್ಬೇಕು ಅಂತ ಕೂತಾಗ ಅವನ ವಯಸ್ಸು 27, ಬೆಲ್ಜಿಯಂನ ಗಣಿ ಊರಲ್ಲಿ ಕೂತು ಆ ಹಾಳೆಗಳನ್ನೇ ನೋಡ್ಕೊಂಡು ತಿದ್ದಿದ. ನಮ್ಮಲ್ಲಿ ಎರಡು ದಿನಕ್ಕೇ ಬೋರಾಗುತ್ತೆ ಅಂತಾರೆ!

ಮಾರನೇ ದಿನ ಪ್ರಿಂಟ್ ಮುಚ್ಚಿಟ್ಟು ನೆನಪಿಂದ ಬಿಡಿಸಿ. ಹಿಂಗಾಲು ಹೆಂಗಿತ್ತು ಅಂತ ಕೈ ನಿಂತುಬಿಟ್ರೆ ಅದನ್ನ ನೀವು ಸರಿಯಾಗಿ ನೋಡೇ ಇಲ್ಲ ಅಂತ, ಆ ಭಾಗ ಮಾತ್ರ ಮತ್ತೆ ಮಾಡಿ.

ಇನ್ನು, ಪಕ್ಕಾ ಅದೇ ಥರ ಬರ್ಲೇಬೇಕಾ ಅಂದ್ರೆ, ರೆಂಬ್ರಾಂಟೇ 1650ರ ದಶಕದ ಕೊನೆಗೆ ನಮ್ಮ ಮೊಘಲ್ ಚಿತ್ರಗಳನ್ನ ಕಾಪಿ ಮಾಡಿದಾನೆ, ಷಹಜಹಾನ್‌ದೂ ಇದೆ. ಜಪಾನಿ ಕಾಗದದ ಮೇಲೆ ಕಂದು ಇಂಕು. ಆ ಸಣ್ಣ ಕುಂಚದ ನಾಜೂಕು ಕೆಲಸದ ತಂಟೆಗೇ ಹೋಗಿಲ್ಲ, ನಿಂತ ಭಂಗಿ, ಪೇಟ, ಬಟ್ಟೆ ಇಷ್ಟನ್ನ ತನ್ನದೇ ಗೆರೆಯಲ್ಲಿ ಹಿಡಿದಿದಾನೆ. ನೀವೂ ಶೀಟ್ ಹಿಂದೆ "ಇವತ್ತು ಬಟ್ಟೆ ನೆರಿಗೆ ಮಾತ್ರ" ಅಂತ ಬರ್ಕೊಂಡು ಅಷ್ಟೇ ಮಾಡಿ.

ಗ್ರಿಡ್ ಬಿಸಾಕಬೇಡಿ, ಮುಗಿದ ಮೇಲೆ ಎಲ್ಲಿ ತಪ್ಪಿದೆ ಅಂತ ಚೆಕ್ ಮಾಡೋಕೆ ಬೇಕಾಗುತ್ತೆ. ಪೋಸ್ಟ್ ಮಾಡುವಾಗ ಸಹಿ ಪಕ್ಕ "ರೆಂಬ್ರಾಂಟ್ ನೋಡಿ ಬಿಡಿಸಿದ್ದು" ಅಂತ ಹಾಕಿ, ಇಲ್ಲಾಂದ್ರೆ ಇಲ್ಲಿ ಕೆಲವರು ಸುಮ್ನೆ ಜಗಳಕ್ಕೆ ಬರ್ತಾರೆ.