ಮೆಡಿಕೇರ್ ನಿಂತ ಮೇಲೆ ನರ್ಸಿಂಗ್ ಹೋಮಿನ ವೆಚ್ಚ: ಪ್ರತಿಕ್ರಿಯೆ

ಅಮೆರಿಕದಲ್ಲಿರುವ ನಿಮ್ಮ ತಾಯಿಯವರ ನರ್ಸಿಂಗ್ ಹೋಮ್ (ಶುಶ್ರೂಷೆಯಿರುವ ವಸತಿಗೃಹ) ವೆಚ್ಚ ಭರಿಸುವುದನ್ನು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇದ್ದಕ್ಕಿದ್ದಂತೆ ನಿಲ್ಲಿಸಿದೆ, ಮುಂದೇನು ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಮೆಡಿಕೇರ್‌ನ ಮೂಲ ನಿಯಮವೇ ಕಾರಣ. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ಬಂದವರ ಚೇತರಿಕೆಯ ಶುಶ್ರೂಷೆಗೆ ಅದು ಗರಿಷ್ಠ 100 ದಿನ ನೆರವಾಗುತ್ತದೆಯೇ ಹೊರತು, ಸ್ನಾನ, ಊಟ, ಓಡಾಟಕ್ಕಷ್ಟೇ ಬೇಕಾಗುವ ದೀರ್ಘಕಾಲದ ಆರೈಕೆಯನ್ನು ಭರಿಸುವುದಿಲ್ಲ.

ಮೊದಲು ನಿಮಗೆ ಬಂದಿರುವ ನೋಟಿಸಿನಲ್ಲಿ ಕಾರಣವನ್ನು ಓದಿ. 100 ದಿನಗಳಿಗೆ ಮುಂಚೆಯೇ ನಿಂತಿದ್ದರೆ ಅದರಲ್ಲಿರುವ ಗಡುವಿನೊಳಗೆ ಮೇಲ್ಮನವಿ ಸಲ್ಲಿಸಿ. ಈ ಗಡುವು ಬಹಳ ಕಡಿಮೆ ಇರುತ್ತದೆ, ತಡಮಾಡಬೇಡಿ. ಅದರ ಜೊತೆಗೇ ತಾಯಿಯವರು ವಾಸವಿರುವ ರಾಜ್ಯದ ಮೆಡಿಕೇಡ್ (ಕಡಿಮೆ ಆದಾಯದವರಿಗಾಗಿ ಇರುವ ಸರ್ಕಾರಿ ಆರೋಗ್ಯ ನೆರವು) ಕಚೇರಿಗೆ ಅರ್ಜಿ ಹಾಕಿ. ಮೆಡಿಕೇರ್ ಮುಖ್ಯವಾಗಿ 65 ತುಂಬಿದವರಿಗೆ ಸಿಗುತ್ತದೆ; ಮೆಡಿಕೇಡ್ ಆದಾಯ ಮತ್ತು ಆಸ್ತಿಯನ್ನು ನೋಡಿ ದೀರ್ಘಕಾಲದ ಆರೈಕೆಯನ್ನೂ ಭರಿಸುತ್ತದೆ. ಅರ್ಹತೆಯಿದ್ದರೆ ಎರಡನ್ನೂ ಒಟ್ಟಿಗೆ ಹೊಂದಬಹುದು, ಆಗ ಮೆಡಿಕೇರ್ ಮೊದಲು ಪಾವತಿಸುತ್ತದೆ.

ಮೆಡಿಕೇಡ್‌ನ ಆದಾಯದ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಅವರು ಅರ್ಹರೇ ಎಂಬುದನ್ನು ಇಲ್ಲಿಂದ ಖಚಿತವಾಗಿ ಹೇಳಲಾಗದು. ಆದರೆ ಅರ್ಹತೆಗಾಗಿ ಮನೆಯನ್ನು ಮಕ್ಕಳ ಹೆಸರಿಗೆ ಬರೆಯುವ ಸಲಹೆಯನ್ನು ಯಾರಾದರೂ ಕೊಟ್ಟರೆ (ಕೊಡುವವರು ಇದ್ದೇ ಇರುತ್ತಾರೆ) ಒಪ್ಪಬೇಡಿ: ಹೆಚ್ಚಿನ ರಾಜ್ಯಗಳು ಹಿಂದಿನ 60 ತಿಂಗಳ ಆಸ್ತಿ ವರ್ಗಾವಣೆಗಳನ್ನು ಪರಿಶೀಲಿಸಿ ನೆರವನ್ನು ತಡೆಹಿಡಿಯುತ್ತವೆ. ಅರ್ಜಿ ತುಂಬುವ ಮುನ್ನ ಆ ರಾಜ್ಯದ ‘ಶಿಪ್’ ಆರೋಗ್ಯ ವಿಮಾ ಸಲಹಾ ಕೇಂದ್ರವನ್ನು ಸಂಪರ್ಕಿಸಿ. ಅವರ ಸಲಹೆ ಉಚಿತ.